ಮಂಗ ಸತ್ತರೆ ಮನೆಮನೆಗೆ ಬಂದು ಜ್ವರ ಕೇಳುವುದು ಯಾಕೆ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಸಾಗರ ತಾಲೂಕಿನ ಒಂದು ಹಳ್ಳಿ. ಮನೆ ಹಿಂದಿನ ಸೊಪ್ಪಿನ ಬೆಟ್ಟದಲ್ಲಿ ಹೋದ ವಾರ ಒಂದು ಮಂಗ ಸತ್ತು ಬಿದ್ದಿತ್ತು. ಎರಡು ದಿನ ಬಿಟ್ಟು ಆಶಾ ಅಕ್ಕನಿಗೆ ಹೇಳಿದೆವು. ಇಲಾಖೆಯವರು ಬಂದು ‘ಕೊಳೆತು ಹೋಗಿದೆ, ಟೆಸ್ಟ್ ಮಾಡೋಕೆ ಆಗಲ್ಲ’ ಅಂದರು. ಅದನ್ನು ಸುಟ್ಟು, ಸುತ್ತ ಪುಡಿ ಎರಚಿ, ಮನೆಗೊಂದು ಎಣ್ಣೆ ಬಾಟಲಿ ಕೊಟ್ಟು ಹೋದರು. ಈಗ ದಿನಾ ಬಾಗಿಲಿಗೆ ಬಂದು ‘ಯಾರಿಗಾದ್ರೂ ಜ್ವರ ಇದೆಯಾ’ ಅಂತ ಕೇಳಿ ಬರೆದುಕೊಳ್ಳುತ್ತಾರೆ. ಮಂಗನ ಕಾಯಿಲೆಗೆ ಲಸಿಕೆ ಕೇಳಿದರೆ ಇಲ್ಲ ಅನ್ನುತ್ತಾರೆ. ಹೀಗೆ ಲೆಕ್ಕ ಬರೆದುಕೊಂಡರೆ ಯಾರಿಗೆ ಏನು ಲಾಭ? ಅದರ ಬದಲು ಮಂಗಗಳನ್ನೇ ಹಿಡಿದು ದೂರ ಸಾಗಿಸಬಾರದಾ? ನಮ್ಮಪ್ಪ ಬೆಟ್ಟದಿಂದ ದರಗು (ಉದುರಿದ ಒಣ ಎಲೆ) ತರುವುದನ್ನು ಬಿಡುತ್ತಿಲ್ಲ. ಅದೇ ಚಿಂತೆ.

ಉತ್ತರ: ನಿಮ್ಮ ಪತ್ರ ಓದುವಾಗ ‘ಎರಡು ದಿನ ಬಿಟ್ಟು’ ಅನ್ನುವ ಮೂರು ಪದಗಳ ಹತ್ತಿರ ನಾನು ನಿಂತುಬಿಟ್ಟೆ. ತಪ್ಪು ಹುಡುಕಲು ಹೇಳುತ್ತಿಲ್ಲ. ಕಾಡಂಚಿನ ಊರಿನಲ್ಲಿ ಒಂದು ಮಂಗ ಸತ್ತರೆ ಅದನ್ನೇ ಸುದ್ದಿ ಮಾಡಿಕೊಂಡು ಯಾರು ಕೂರುತ್ತಾರೆ? ಅದರಲ್ಲೂ ಅಡಿಕೆ ಕೆಲಸ ಮೈಮೇಲೆ ಬಿದ್ದಿರುವ ಹೊತ್ತಿನಲ್ಲಿ. ಆದರೆ ನೀವು ಕೇಳಿದ ಬಹುಪಾಲು ಪ್ರಶ್ನೆಗಳಿಗೆ ಉತ್ತರ ಆ ಎರಡು ದಿನದ ಸುತ್ತಲೇ ಇದೆ.

ಮೊದಲು ಹೆಸರಿನ ಗೊಂದಲ ಬಿಡಿಸಿಬಿಡೋಣ. ಮಂಗನ ಕಾಯಿಲೆ ಅಂದ ಕೂಡಲೇ ಕೆಲವರು ಕೆನ್ನೆ ಊದುವ ಮಂಗನಬಾವು ಅಂದುಕೊಳ್ಳುತ್ತಾರೆ. ಇನ್ನು ಕೆಲವರಿಗೆ ಟಿವಿಯಲ್ಲಿ ನೋಡಿದ ಮಂಕಿಪಾಕ್ಸ್ ನೆನಪಾಗುತ್ತದೆ. ಈ ಮೂರಕ್ಕೂ ಒಂದಕ್ಕೊಂದು ಸಂಬಂಧ ಇಲ್ಲ. ನಮ್ಮ ಮಲೆನಾಡಿನದು ಕ್ಯಾಸನೂರು ಕಾಡಿನ ಕಾಯಿಲೆ, ಆಸ್ಪತ್ರೆಯವರ ಬಾಯಲ್ಲಿ ಕೆಎಫ್‌ಡಿ. ಇದನ್ನು ಹರಡುವುದು ಉಣುಗು, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಕುಡಿಯುವ ಉಣ್ಣೆ ಹುಳ. ಅದು ಕಚ್ಚಿ ಮಂಗಕ್ಕೂ ಕಾಯಿಲೆ ಬರುತ್ತದೆ, ನಮಗೂ ಬರುತ್ತದೆ. ಒಬ್ಬ ಮನುಷ್ಯನಿಂದ ಇನ್ನೊಬ್ಬನಿಗೆ ಹರಡುವುದಿಲ್ಲ. ಆದ್ದರಿಂದ ಕಾಯಿಲೆ ಬಂದವರ ಮನೆಗೆ ಹೋಗುವುದನ್ನು ಬಿಡಬೇಡಿ. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ಊರು ದೂರ ಮಾಡುತ್ತದೆ ಅನ್ನುವ ಹೆದರಿಕೆಯಿಂದಲೇ ಜ್ವರ ಮುಚ್ಚಿಡುವ ಮನೆಗಳನ್ನು ನಾನು ನೋಡಿದ್ದೇನೆ.

ಇನ್ನು ಉಣುಗಿನ ವಿಚಾರ. ಇದಕ್ಕೆ ಜೀವಮಾನದಲ್ಲಿ ಮೂರೇ ಊಟ. ಮೊಟ್ಟೆಯಿಂದ ಬಂದ ಮರಿ ಒಮ್ಮೆ ರಕ್ತ ಕುಡಿದು ಕೆಳಗೆ ಬೀಳುತ್ತದೆ, ಪೊರೆ ಬಿಟ್ಟು ನಡುವಯಸ್ಸಿನದಾಗುತ್ತದೆ. ಆಗ ಇನ್ನೊಂದು ಪ್ರಾಣಿಯನ್ನು ಹುಡುಕಿ ಎರಡನೇ ಊಟ. ಮತ್ತೆ ಬಿದ್ದು, ಬೆಳೆದು, ಮೂರನೇ ಊಟ. ಆಮೇಲೆ ಮೊಟ್ಟೆ ಇಟ್ಟು ಸಾಯುತ್ತದೆ. ಮಳೆಗಾಲ ಮುಗಿದ ಮೇಲೆ ಮರಿಗಳ ಕಾಲ. ಅವು ಇಲಿ, ಹಕ್ಕಿ, ಮಂಗ ಎಲ್ಲವನ್ನೂ ಹತ್ತುತ್ತವೆ. ಚಳಿಗಾಲದಿಂದ ಮೇ ತನಕ ನಡುವಯಸ್ಸಿನವುಗಳ ಕಾಲ. ಮನುಷ್ಯನಿಗೆ ಕಚ್ಚಿ ಕಾಯಿಲೆ ತರುವುದು ಹೆಚ್ಚಾಗಿ ಇವೇ. ಎಳ್ಳಿನ ಕಾಳಿಗಿಂತ ಚಿಕ್ಕದಾಗಿರುತ್ತವೆ, ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಮಳೆಗಾಲದಲ್ಲಿ ದೊಡ್ಡವು ದನಕರುಗಳ ಮೈಮೇಲೆ ಸೇರುತ್ತವೆ. ದನಗಳಿಗೆ ಈ ಕಾಯಿಲೆ ಬರುವುದಿಲ್ಲ. ಆದರೆ ಅವುಗಳ ರಕ್ತ ಕುಡಿದೇ ಉಣುಗಿನ ಸಂತತಿ ಬೆಳೆಯುವುದು.

ಈಗ ಕಾಯಿಲೆ ಬಂದ ಮಂಗದ ಮೇಲೆ ನೂರಾರು ಉಣುಗು ಕೂತಿವೆ ಅಂದುಕೊಳ್ಳಿ. ಮಂಗದ ರಕ್ತದಲ್ಲಿರುವ ವೈರಸ್ ಅವುಗಳ ಹೊಟ್ಟೆ ಸೇರುತ್ತದೆ. ಒಮ್ಮೆ ಸೇರಿದರೆ ಪೊರೆ ಬಿಟ್ಟರೂ ಹೋಗುವುದಿಲ್ಲ, ಉಣುಗು ಸಾಯುವ ತನಕ ಒಳಗೇ ಇರುತ್ತದೆ. ಮಂಗ ಮರದಿಂದ ಬಿತ್ತು, ಸತ್ತಿತು, ಮೈ ತಣ್ಣಗಾಯಿತು. ತಣ್ಣಗಿನ ಮೈಯಲ್ಲಿ ಉಣುಗಿಗೆ ಕೆಲಸ ಇಲ್ಲ. ಅಷ್ಟೂ ಕೆಳಗಿಳಿದು ದರಗಿನ ಅಡಿ ಸೇರಿಕೊಳ್ಳುತ್ತವೆ. ಮುಂದಿನ ಊಟಕ್ಕೆ ಅಲ್ಲೇ ಕಾಯುತ್ತವೆ. ಆ ಜಾಗಕ್ಕೆ ದರಗು ಗುಡಿಸಲು ಹೋದವರು, ಸೌದೆ ಆರಿಸಲು ಕೂತವರು, ಸೀಗೆಕಾಯಿ ಕೊಯ್ಯಲು ಹೋದವರು ಸಿಕ್ಕಿಬೀಳುತ್ತಾರೆ.

ಅಂದರೆ ಮಂಗ ಸತ್ತ ದಿನಕ್ಕೂ ಊರಿನಲ್ಲಿ ಮೊದಲ ಜ್ವರ ಕಾಣಿಸುವ ದಿನಕ್ಕೂ ನಡುವೆ ಸ್ವಲ್ಪ ಸಮಯ ಸಿಗುತ್ತದೆ. ಉಣುಗು ಕಚ್ಚಿದ ಮೇಲೂ ಜ್ವರ ಬರಲು 3ರಿಂದ 8 ದಿನ ಬೇಕು. ಆರೋಗ್ಯ ಇಲಾಖೆಯವರು ಕೆಲಸ ಮಾಡುವುದು ಈ ಸಂದಿಯಲ್ಲಿ. ನೀವು ಎರಡು ದಿನ ತಡ ಮಾಡಿದ್ದು ಇದರೊಳಗಿನ ಎರಡು ದಿನ.

ಮಂಗ ಸತ್ತಿದ್ದನ್ನು ಎಚ್ಚರಿಕೆಯ ಗಂಟೆ ಅಂತ ನೋಡುವುದನ್ನು ಡಾಕ್ಟರುಗಳು ಕಂಡುಹಿಡಿದರು ಅಂದುಕೊಳ್ಳಬೇಡಿ. ನಿಮ್ಮ ಪಕ್ಕದ ತಾಲೂಕಿನವರೇ ಮೊದಲು ಹೇಳಿದ್ದು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನ ಸುತ್ತಮುತ್ತ ಜನ ಜ್ವರದಿಂದ ಮಲಗಿದ್ದರು, ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದವು. ಎರಡಕ್ಕೂ ಸಂಬಂಧ ಇದೆ ಅಂತ ಊರವರಿಗೆ ಆಗಲೇ ಅನ್ನಿಸಿತ್ತು. ಪುಣೆಯಲ್ಲಿ ಆಗ ವೈರಸ್ ಸಂಶೋಧನಾ ಕೇಂದ್ರ ಇತ್ತು. ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಮತ್ತು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನ ಸೇರಿ 1952ರಲ್ಲಿ ಶುರು ಮಾಡಿದ್ದು, ಈಗಿನ ರಾಷ್ಟ್ರೀಯ ವೈರಾಣು ಸಂಸ್ಥೆ (ಎನ್ಐವಿ). ಅಲ್ಲಿನ ತಂಡ ಓಡಿ ಬಂತು. ಅವರು ಅಷ್ಟು ಅವಸರ ಮಾಡಲು ಕಾರಣ ಹಳದಿ ಜ್ವರದ ಭಯ. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಹಳದಿ ಜ್ವರ ಬಂದಾಗ ಹೀಗೇ ಮಂಗಗಳು ಸಾಯುತ್ತವೆ. ಭಾರತಕ್ಕೆ ಅದು ಯಾವತ್ತೂ ಕಾಲಿಟ್ಟಿರಲಿಲ್ಲ. ಪರೀಕ್ಷೆ ಮಾಡಿದರೆ ಬೇರೆಯೇ ವೈರಸ್ ಸಿಕ್ಕಿತು. ಅದರ ಹತ್ತಿರದ ನೆಂಟ ಇದ್ದಿದ್ದು ರಷ್ಯಾದ ಕಾಡುಗಳಲ್ಲಿ.

ರಷ್ಯಾದ ವೈರಸ್ಸಿನ ನೆಂಟ ಸೊರಬಕ್ಕೆ ಹೇಗೆ ಬಂತು? ವಲಸೆ ಹಕ್ಕಿಗಳ ಮೈಮೇಲಿನ ಉಣುಗಿನಿಂದ ಬಂದಿರಬಹುದು ಅಂತ ಆಗ ಒಂದು ಅನುಮಾನ ಹುಟ್ಟಿತು. 1959ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಲೀಂ ಅಲಿ ಅವರ ತಂಡ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಕೆಲಸ ಶುರು ಮಾಡಿತು. ಹಕ್ಕಿಗಳ ಮೇಲಿನ ಆರೋಪ ಸಾಬೀತಾಗಲಿಲ್ಲ. ಆದರೆ ನಮ್ಮ ದೇಶದ ಹಕ್ಕಿಗಳ ವಲಸೆಯ ಬಗ್ಗೆ ಎಷ್ಟೋ ವಿಷಯ ತಿಳಿದಿದ್ದು ಹಾಗೆ. ಸೊರಬದ ಮಂಗ ಸತ್ತಿದ್ದರಿಂದ ಹಕ್ಕಿಶಾಸ್ತ್ರಕ್ಕೆ ಲಾಭ ಆಯಿತು ಅಂದರೆ ನಂಬಲು ಕಷ್ಟ, ಅಲ್ವಾ?

ಇರಲಿ, ನಿಮ್ಮ ಬೆಟ್ಟಕ್ಕೆ ವಾಪಸ್ ಬರೋಣ. ಮಂಗ ಸತ್ತ ದಿನವೇ ತಿಳಿದಿದ್ದರೆ ಏನಾಗುತ್ತಿತ್ತು? ಪಶುವೈದ್ಯರು ಮೈಪೂರ್ತಿ ರಕ್ಷಣಾ ಉಡುಪು ಹಾಕಿಕೊಂಡು ಬಂದು ಒಳಗಿನ ಅಂಗಗಳ ಚೂರು ತೆಗೆದು, ಐಸ್ ಬಾಕ್ಸಿನಲ್ಲಿಟ್ಟು ಲ್ಯಾಬಿಗೆ ಕಳಿಸುತ್ತಿದ್ದರು. ಕೆಎಫ್‌ಡಿಯೋ, ಕರೆಂಟ್ ತಂತಿ ತಗುಲಿ ಸತ್ತಿದ್ದೋ, ಬೇರೆ ಕಾಯಿಲೆಯೋ ಅಂತ ಗೊತ್ತಾಗುತ್ತಿತ್ತು. ಸತ್ತ ಮಂಗಗಳೆಲ್ಲ ಕೆಎಫ್‌ಡಿಯಿಂದಲೇ ಸಾಯುವುದಿಲ್ಲ. ಆದರೆ ಮಲೆನಾಡಿನ ಬಿಸಿಲಿಗೆ ಹೆಣ ಬೇಗ ಕೊಳೆಯುತ್ತದೆ. ಕೊಳೆತ ಮಾಂಸದಲ್ಲಿ ವೈರಸ್ ಹುಡುಕಿದರೆ ಸಿಗದೇ ಹೋಗುವ ಸಂಭವ ಜಾಸ್ತಿ. ಆಗ ‘ಇಲ್ಲ’ ಅಂತ ವರದಿ ಬಂದರೂ ಅದಕ್ಕೆ ಬೆಲೆ ಇಲ್ಲ. ನಿಮ್ಮ ಊರಿಗೆ ಬಂದವರು ಟೆಸ್ಟ್ ಮಾಡದೆ, ಕೆಎಫ್‌ಡಿಯೇ ಇರಬಹುದು ಅಂತ ಹಿಡಿದು ಪುಡಿ ಹಾಕಿದ್ದಾರೆ. ಸರಿಯಾಗೇ ಮಾಡಿದ್ದಾರೆ.

ಆ ಪುಡಿ ಮೆಲಾಥಿಯಾನ್. ಹೆಣ ಬಿದ್ದ ಜಾಗದ ಸುತ್ತ ಇಳಿದ ಉಣುಗುಗಳನ್ನು ಕೊಲ್ಲಲು. ನನ್ನ ಅಭಿಪ್ರಾಯ ಕೇಳಿದರೆ, ಹಾಕದಿರುವುದಕ್ಕಿಂತ ಹಾಕುವುದು ಒಳ್ಳೆಯದು, ಆದರೆ ಅದನ್ನೇ ನಂಬಿ ಮಾರನೇ ದಿನ ಅಲ್ಲಿಗೆ ಹೋಗುವಂತಿಲ್ಲ. ದಪ್ಪ ದರಗಿನ ಅಡಿ ಕೂತ ಉಣುಗಿಗೆ ಮೇಲೆ ಎರಚಿದ ಪುಡಿ ಪೂರ್ತಿ ತಲುಪುವುದಿಲ್ಲ. ಒಂದು ಮಳೆ ಬಿದ್ದರೆ ತೊಳೆದೂ ಹೋಗುತ್ತದೆ.

ಇನ್ನೊಂದು ಕೆಲಸ ನೀವು ನೋಡಿರಲಿಕ್ಕಿಲ್ಲ. ಉಣುಗು ಹಿಡಿಯುವುದು. ನಾನು ಮೊದಲ ಸಲ ನೋಡಿದಾಗ ನಗು ಬಂದಿತ್ತು. ಗಂಬೂಟ್ ಹಾಕಿಕೊಂಡ ಇಬ್ಬರು ಬಿಳಿ ಫ್ಲಾನೆಲ್ ಬಟ್ಟೆಯನ್ನು ಕೋಲಿಗೆ ಕಟ್ಟಿ ದರಗಿನ ಮೇಲೆ ನಿಧಾನಕ್ಕೆ ಎಳೆದುಕೊಂಡು ಹೋಗುತ್ತಿದ್ದರು, ನೆಲ ಒರೆಸುವ ಹಾಗೆ. ಹತ್ತು ಹೆಜ್ಜೆ ನಡೆದು ಬಟ್ಟೆ ಮಗುಚಿ ತೋರಿಸಿದರು. ಕಾಳುಮೆಣಸಿನ ಪುಡಿ ಚೆಲ್ಲಿದ ಹಾಗೆ ಕಪ್ಪು ಚುಕ್ಕೆ. ಹತ್ತಿರ ಬಗ್ಗಿ ನೋಡಿದರೆ ಚುಕ್ಕೆಗಳು ನಡೆಯುತ್ತಿದ್ದವು. ನಗು ನಿಂತಿತು. ಅವನ್ನು ಚಿಮಟದಿಂದ ಒಂದೊಂದಾಗಿ ಎತ್ತಿ ಟ್ಯೂಬಿಗೆ ಹಾಕಿ, ಜಾಗದ ಹೆಸರು, ತಾರೀಖು ಬರೆದರು. ಲ್ಯಾಬಿನಲ್ಲಿ ಒಂದಷ್ಟನ್ನು ಒಟ್ಟಿಗೆ ಅರೆದು ವೈರಸ್ ಇದೆಯಾ ಅಂತ ನೋಡುತ್ತಾರೆ. ಸಿಕ್ಕರೆ ಆ ಬೆಟ್ಟಕ್ಕೆ ಯಾರೂ ಹೋಗಬೇಡಿ ಅಂತ ಊರಿಗೆ ಹೇಳಲು ಗಟ್ಟಿ ಆಧಾರ ಸಿಕ್ಕಿತು. ಸಿಗದಿದ್ದರೆ, ನಾವು ಹಿಡಿದ ಉಣುಗಿನಲ್ಲಿ ಇರಲಿಲ್ಲ ಅಂತ ಅಷ್ಟೇ ಅರ್ಥ. ನಾಲ್ಕು ಹೆಜ್ಜೆ ಆಚೆ ಇರಬಹುದು.

ಈಗ ನಿಮ್ಮ ಮುಖ್ಯ ಪ್ರಶ್ನೆ. ದಿನಾ ಜ್ವರ ಕೇಳುವುದರಿಂದ ಏನು ಲಾಭ?

ನಿಮ್ಮ ಉಪಕೇಂದ್ರದ ವ್ಯಾಪ್ತಿಯಲ್ಲಿ ಜನವರಿ ತಿಂಗಳಲ್ಲಿ ವಾರಕ್ಕೆ 4-5 ಜ್ವರದ ಕೇಸ್ ಬರುವುದು ಮಾಮೂಲು ಅಂದುಕೊಳ್ಳಿ. ಈ ವಾರ 11 ಬಂತು. ಹನ್ನೊಂದೂ ಜನ ಹನ್ನೊಂದು ಕಡೆ ಹೋಗಿ ಮಾತ್ರೆ ತಗೊಂಡರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಒಬ್ಬರು ಪೇಟೆಯ ಕ್ಲಿನಿಕ್ಕಿಗೆ, ಒಬ್ಬರು ಮೆಡಿಕಲ್ ಶಾಪಿಗೆ, ಒಬ್ಬರು ಮನೆಯಲ್ಲೇ ಕಷಾಯ. ಪ್ರತಿ ಡಾಕ್ಟರಿಗೂ ಅದು ಒಂದೇ ಒಂದು ಜ್ವರ. ಒಂದೇ ನೋಟ್‌ಬುಕ್ಕಿನಲ್ಲಿ ಬರೆದಾಗ ಮಾತ್ರ 11 ಅನ್ನುವ ಸಂಖ್ಯೆ ಕಣ್ಣಿಗೆ ಕಾಣುವುದು. ಆಗ ಅದರಲ್ಲಿ 8 ಜನ ಒಂದೇ ಕೇರಿಯವರು, ಎಲ್ಲರೂ ಒಂದೇ ಬೆಟ್ಟಕ್ಕೆ ಹೋಗಿದ್ದರು ಅನ್ನುವುದೂ ಕಾಣುತ್ತದೆ.

ದೇಶದಲ್ಲೆಲ್ಲ ಇದೇ ಕೆಲಸ ಮಾಡಲು 2004ರಲ್ಲಿ ಸಮಗ್ರ ರೋಗ ಕಣ್ಗಾವಲು ಯೋಜನೆ ಬಂತು. ಇಲಾಖೆಯಲ್ಲಿ ಎಲ್ಲರೂ ಐಡಿಎಸ್‌ಪಿ ಅಂತಲೇ ಕರೆಯುತ್ತಾರೆ. ಅದರಲ್ಲಿ ಮೂರು ಫಾರಂ. ಊರಿನಲ್ಲಿ ಆರೋಗ್ಯ ಸಹಾಯಕಿ ಲಕ್ಷಣ ನೋಡಿ ಬರೆಯುವುದು ಎಸ್ ಫಾರಂ, ಡಾಕ್ಟರು ಪರೀಕ್ಷಿಸಿ ‘ಇದೇ ಇರಬಹುದು’ ಅಂತ ಬರೆಯುವುದು ಪಿ ಫಾರಂ, ಲ್ಯಾಬ್ ಖಚಿತ ಮಾಡಿದ್ದು ಎಲ್ ಫಾರಂ. ಮೊದಲು ವಾರಕ್ಕೊಮ್ಮೆ ಕಾಗದದಲ್ಲಿ ಹೋಗುತ್ತಿತ್ತು. ಈಗ ಐಎಚ್ಐಪಿ ಅನ್ನುವ ಆನ್‌ಲೈನ್ ವ್ಯವಸ್ಥೆ ಇದೆ. ಇಡೀ ದೇಶಕ್ಕೆ 2021ರಲ್ಲಿ ಬಂತು, ಕರ್ನಾಟಕದಲ್ಲಿ ಅದಕ್ಕೂ ಮೊದಲೇ ಪ್ರಯೋಗಕ್ಕೆ ಶುರುವಾಗಿತ್ತು. ಡೇಟಾ ತುಂಬುವವರಿಗೆ ನೆಟ್‌ವರ್ಕ್ ಸಿಗದ ಊರುಗಳಲ್ಲಿ ಅದರ ಕಷ್ಟ ಬೇರೆ. ಗುಡ್ಡ ಹತ್ತಿ ಮೊಬೈಲ್ ಮೇಲೆತ್ತಿ ನಿಂತವರನ್ನು ನಾನೇ ನೋಡಿದ್ದೇನೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಆಶಾ ಅಕ್ಕ ಬಂದಾಗ ‘ನಮ್ಮನೇಲಿ ಯಾರಿಗೂ ಜ್ವರ ಇಲ್ಲ’ ಅಂದರೆ ಅವರು ಸೊನ್ನೆ ಬರೆಯುತ್ತಾರೆ. ಬಾಗಿಲು ಹಾಕಿದ್ದರೆ ಆ ಜಾಗ ಖಾಲಿ. ಮೇಲಿನಿಂದ ನೋಡುವವನಿಗೆ ಈ ಎರಡೂ ಬೇರೆ ಬೇರೆ. ಸೊನ್ನೆ ಅಂದರೆ ನೋಡಿದ್ದಾರೆ, ಇಲ್ಲ. ಖಾಲಿ ಅಂದರೆ ನೋಡಿಲ್ಲ. ನಿಮ್ಮ ಊರಿನಿಂದ ಮೂರು ವಾರ ಸಾಲಾಗಿ ಸೊನ್ನೆ ಬಂದರೆ ಜಿಲ್ಲೆಯಲ್ಲಿ ಕೂತ ಅಧಿಕಾರಿ ಇರುವ ನಾಲ್ಕು ಜನರನ್ನು ಪಕ್ಕದ ಊರಿಗೆ ಕಳಿಸಬಹುದು. ಹಾಗಾಗಿ ‘ಏನೂ ಇಲ್ಲ, ಹೋಗಮ್ಮ’ ಅಂತ ಒಳಗಿನಿಂದಲೇ ಕೂಗಿ ಹೇಳಿದರೂ ಸರಿ, ಹೇಳಿ. ಸುಮ್ನೆ ಇರಬೇಡಿ.

ಇನ್ನು ಜ್ವರ ಬಂದೇ ಬಿಟ್ಟರೆ. ಕೆಎಫ್‌ಡಿ ಜ್ವರ ಮೆಲ್ಲಗೆ ಬರುವುದಿಲ್ಲ, ಏಕಾಏಕಿ ಬರುತ್ತದೆ. ಹಣೆಯಲ್ಲಿ ಸಿಡಿಯುವ ನೋವು, ಸೊಂಟ ಕಾಲು ಹಿಂಡಿದ ಹಾಗೆ ಮೈಕೈ ನೋವು, ಕಣ್ಣು ಕೆಂಪು, ವಾಂತಿ, ಕೆಲವರಿಗೆ ಭೇದಿ. ಮೂಗು ಅಥವಾ ಒಸಡಿನಲ್ಲಿ ರಕ್ತ ಬಂದರೆ ಅಪಾಯ. ಕೆಲವರಲ್ಲಿ ಜ್ವರ ಬಿಟ್ಟು ಒಂದೆರಡು ವಾರ ಆರಾಮಾಗಿದ್ದು ಮತ್ತೆ ಬರುತ್ತದೆ, ಆಗ ತಲೆ ಕಡೆ ಏರಿ ಗೊಂದಲ, ನಡುಕ ಶುರುವಾಗುತ್ತದೆ. ‘ವಾಸಿ ಆಯ್ತಲ್ಲ’ ಅಂತ ತೋಟಕ್ಕೆ ಇಳಿದವರು ಎರಡನೇ ಸಲ ಮಲಗುವುದು ಹೀಗೆ. ವೈರಸ್ ಕೊಲ್ಲುವ ಔಷಧಿ ಇಲ್ಲ. ನೀರಿನಂಶ ಕಾಯ್ದುಕೊಳ್ಳುವುದು, ಪ್ಲೇಟ್ಲೆಟ್ ನೋಡಿಕೊಳ್ಳುವುದು, ರಕ್ತಸ್ರಾವ ಆದರೆ ರಕ್ತ ಕೊಡುವುದು, ಇಷ್ಟೇ ಚಿಕಿತ್ಸೆ. ಆದರೆ ಇದನ್ನು ಬೇಗ ಶುರು ಮಾಡಿದವರಿಗೂ ತಡವಾಗಿ ಬಂದವರಿಗೂ ತುಂಬಾ ವ್ಯತ್ಯಾಸ ಇದೆ. ಕಾಯಿಲೆ ಬಂದ ನೂರು ಜನರಲ್ಲಿ ಸಾಮಾನ್ಯವಾಗಿ 3ರಿಂದ 5 ಜನ ಸಾಯುತ್ತಾರೆ.

ಒಬ್ಬ ಕೊನೆಗಾರರ ನೆನಪಾಗುತ್ತದೆ. ಅಡಿಕೆ ಮರದಲ್ಲೇ ಜೀವನ ಕಳೆದ ಗಟ್ಟಿ ಆಳು. ಜ್ವರ ಬಂದ ಮೊದಲ ದಿನ ಮೈಕೈ ನೋವಿಗೆ ಯಾವುದೋ ಕ್ಲಿನಿಕ್ಕಿನಲ್ಲಿ ನೋವಿನ ಇಂಜೆಕ್ಷನ್ ಹಾಕಿಸಿಕೊಂಡಿದ್ದರು. ನೋವು ಇಳಿಯಿತು, ಮತ್ತೆ ಕೆಲಸಕ್ಕೆ ಹೋದರು. ನಮ್ಮ ಹತ್ತಿರ ಬಂದಾಗ ಆರನೇ ದಿನ, ಒಸಡಿನಲ್ಲಿ ರಕ್ತ. ‘ಕಾಡಿಗೆ ಹೋಗಿದ್ರಾ’ ಅಂತ ಅಲ್ಲಿ ಯಾರೂ ಕೇಳಿರಲಿಲ್ಲ, ಇವರೂ ಹೇಳಿರಲಿಲ್ಲ. ಪುಣ್ಯಕ್ಕೆ ಉಳಿದುಕೊಂಡರು. ಇಂಥ ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಬೇಡ, ರಕ್ತಸ್ರಾವ ಹೆಚ್ಚು ಮಾಡುತ್ತವೆ. ಡಾಕ್ಟರ್ ಕೇಳದಿದ್ದರೆ ನೀವೇ ಬಾಯಿಬಿಟ್ಟು ಹೇಳಿ: ಬೆಟ್ಟಕ್ಕೆ ಹೋಗುತ್ತೇನೆ, ನಮ್ಮ ಕಡೆ ಮಂಗ ಸತ್ತಿದೆ. ಇದನ್ನು ಹೇಳಲು ಇನ್ನೊಂದು ಕಾರಣವೂ ಇದೆ. ಮಲೆನಾಡಿನಲ್ಲಿ ಇಲಿಜ್ವರ, ಡೆಂಗ್ಯೂ, ಸ್ಕ್ರಬ್ ಟೈಫಸ್ ಎಲ್ಲವೂ ಮೊದಮೊದಲು ಹೀಗೇ ಕಾಣುತ್ತವೆ. ಇದರಲ್ಲಿ ಸ್ಕ್ರಬ್ ಟೈಫಸ್ಸಿಗೆ ಡಾಕ್ಸಿಸೈಕ್ಲಿನ್ ಅನ್ನುವ ಅಗ್ಗದ ಮಾತ್ರೆ ಸಾಕು. ಗುರುತಿಸದೆ ಬಿಟ್ಟರೆ ಅದೂ ಜೀವ ತೆಗೆಯುತ್ತದೆ.

ರಕ್ತ ಪರೀಕ್ಷೆಗೂ ದಿನದ ಲೆಕ್ಕ ಇದೆ. ಮೊದಲ ದಿನಗಳಲ್ಲಿ ರಕ್ತದಲ್ಲಿ ವೈರಸ್ಸೇ ಇರುತ್ತದೆ, ಆರ್‌ಟಿಪಿಸಿಆರ್‌ನಲ್ಲಿ ಸಿಗುತ್ತದೆ. ಹೌದು, ಕೊರೊನಾ ಕಾಲದಲ್ಲಿ ಮನೆಮಾತಾದ ಅದೇ ಪರೀಕ್ಷೆ. ಐದಾರು ದಿನ ಕಳೆದ ಮೇಲೆ ವೈರಸ್ ಕಡಿಮೆ ಆಗುತ್ತಾ ಬಂದು ದೇಹ ಮಾಡಿಕೊಂಡ ಪ್ರತಿಕಾಯ ಕಾಣಿಸುತ್ತದೆ, ಅದಕ್ಕೆ ಎಲೈಸಾ ಪರೀಕ್ಷೆ. ಜ್ವರ ಶುರುವಾದ ತಾರೀಖು ತಪ್ಪು ಹೇಳಿದರೆ ಪರೀಕ್ಷೆಯೂ ತಪ್ಪು ಆಯ್ಕೆಯಾಗಬಹುದು. ಶಿವಮೊಗ್ಗದಲ್ಲಿ ಇದಕ್ಕೇ ಅಂತ ವೈರಸ್ ಪತ್ತೆ ಪ್ರಯೋಗಾಲಯ ಇದೆ, ನಿಮ್ಮ ಪಿಎಚ್‌ಸಿಯಿಂದ ರಕ್ತ ಅಲ್ಲಿಗೆ ಹೋಗುತ್ತದೆ. ನೀವು ಶಿವಮೊಗ್ಗಕ್ಕೆ ಓಡಬೇಕಾಗಿಲ್ಲ.

ಲಸಿಕೆಯ ಬಗ್ಗೆ ನಿಮ್ಮ ಸಿಟ್ಟು ನ್ಯಾಯವಾದದ್ದೇ. ಅದರ ಕಥೆ ಚೂರು ಹೇಳುತ್ತೇನೆ. ಮೊದಲಿಗೆ ರಷ್ಯಾದ ಆ ನೆಂಟ ವೈರಸ್ಸಿನ ಲಸಿಕೆಯನ್ನೇ ಶಿವಮೊಗ್ಗದ ಜನರಿಗೆ ಕೊಟ್ಟು ನೋಡಿದರು, ಕೆಲಸ ಮಾಡಲಿಲ್ಲ. ಆಮೇಲೆ ನಮ್ಮದೇ ವೈರಸ್ಸಿನಿಂದ ಲಸಿಕೆ ಬಂತು. ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಸಂಸ್ಥೆಯಲ್ಲಿ ತಯಾರಾಗುತ್ತಿತ್ತು, 1990ರಿಂದ ಊರೂರಿಗೆ ಕೊಟ್ಟರು. ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್, 6ರಿಂದ 9 ತಿಂಗಳಿಗೆ ಬೂಸ್ಟರ್, ಆಮೇಲೆ ವರ್ಷ ವರ್ಷ ಇನ್ನೊಂದು. ಸಿಕ್ಕಾಪಟ್ಟೆ ನೋವು ಕೊಡುವ ಸೂಜಿ. ಒಮ್ಮೆ ಹಾಕಿಸಿಕೊಂಡವರು ಎಷ್ಟೋ ಜನ ಎರಡನೇ ಸಲ ಬರುತ್ತಲೇ ಇರಲಿಲ್ಲ. 2005ರಿಂದ 2010ರವರೆಗಿನ ಲೆಕ್ಕ ಹಾಕಿದಾಗ ಎರಡು ಡೋಸ್ ತಗೊಂಡವರಿಗೆ ಸುಮಾರು 62%, ಬೂಸ್ಟರನ್ನೂ ತಗೊಂಡವರಿಗೆ ಸುಮಾರು 83% ರಕ್ಷಣೆ ಅಂತ ಬಂತು. ಆಮೇಲಾಮೇಲೆ ಅದರ ಸಾಮರ್ಥ್ಯವೇ ಕುಸಿಯಿತು. 2022ರಲ್ಲಿ ನಿಲ್ಲಿಸಿದರು. ಸತ್ವ ಇಲ್ಲದ ಲಸಿಕೆ ಕೊಟ್ಟು ‘ನಿಮಗೇನೂ ಆಗಲ್ಲ’ ಅಂತ ಕಾಡಿಗೆ ಕಳಿಸುವುದಕ್ಕಿಂತ ನಿಲ್ಲಿಸಿದ್ದು ಸರಿ. ಆದರೆ ಬದಲಿ ಲಸಿಕೆ ಕೈಯಲ್ಲಿ ಇಟ್ಟುಕೊಳ್ಳದೆ ಅಲ್ಲಿಯವರೆಗೆ ಬಿಟ್ಟಿದ್ದು ಸರಿಯಲ್ಲ. ಮಂಗದ ಮೇಲೆ, ಉಣುಗಿನ ಮೇಲೆ ಕಣ್ಣಿಟ್ಟ ನಾವು ಲಸಿಕೆ ಬಾಟಲಿಯ ಮೇಲೂ ಅಷ್ಟೇ ಕಣ್ಣಿಡಬೇಕಿತ್ತು. ಈಗ ಐಸಿಎಂಆರ್ ಮತ್ತು ಇಂಡಿಯನ್ ಇಮ್ಯುನೊಲಾಜಿಕಲ್ಸ್ ಕಂಪನಿ ಸೇರಿ ಹೊಸದರ ಕೆಲಸ ನಡೆಸಿವೆ. ಅದು ನಿಮ್ಮ ಪಿಎಚ್‌ಸಿ ಫ್ರಿಜ್ಜಿಗೆ ಬರುವ ತನಕ ನಿಮ್ಮ ಫೋನ್ ಕಾಲ್ ಮತ್ತು ಆಶಾ ಅಕ್ಕನ ನೋಟ್‌ಬುಕ್ಕೇ ನಮ್ಮ ಹತ್ತಿರ ಇರುವುದು.

ಮಂಗ ಹಿಡಿದು ಸಾಗಿಸುವ ಮಾತಿಗೆ ಬರುತ್ತೇನೆ. ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಹಿಡಿದು ಸಾಗಿಸಿದರೆ ಮಂಗದ ಜತೆ ಉಣುಗೂ ಲಾರಿ ಹತ್ತುತ್ತದೆ. ಇನ್ನೊಂದು ತಾಲೂಕಿಗೆ ನೀವೇ ಕಾಯಿಲೆ ಕಳಿಸಿದ ಹಾಗೆ. ಕೊಂದರೆ? ವೈರಸ್ ಉಣುಗಿನಲ್ಲಿದೆ, ಇಲಿಗಳಲ್ಲಿದೆ. ಊಟಕ್ಕೆ ಮಂಗ ಸಿಗದ ಉಣುಗು ಬೇರೆ ಮೈ ಹುಡುಕುತ್ತದೆ. ಆ ಮೈ ನಿಮ್ಮದೂ ಆಗಬಹುದು. ಕಾಯಿಲೆ ಬಂದು ಬದುಕಿದ ಮಂಗಗಳಿಗೆ ರೋಗ ಎದುರಿಸುವ ಶಕ್ತಿ ಬಂದಿರುತ್ತದೆ, ಅವನ್ನೂ ಓಡಿಸಿದ ಹಾಗಾಯಿತು. ತನ್ನ ಕೋಳಿ ಕೂಗಿದರೇ ಬೆಳಗಾಗುವುದು ಅಂದುಕೊಂಡ ಅಜ್ಜಿ ಕೋಳಿಯನ್ನು ಎತ್ತಿಕೊಂಡು ಊರು ಬಿಟ್ಟಳಲ್ಲ, ಹಾಗಾಗುತ್ತದೆ. ಮಂಗ ಹೋದರೂ ಕಾಯಿಲೆ ಬರುತ್ತದೆ, ಮೊದಲೇ ಕೂಗಿ ಹೇಳುವವರು ಮಾತ್ರ ಇರುವುದಿಲ್ಲ.

ಆದರೆ ಸತ್ತ ಮಂಗವನ್ನು ಮುಟ್ಟಬೇಡಿ, ಕೋಲಿನಿಂದ ಎಳೆಯಲೂ ಹೋಗಬೇಡಿ. 2012ರಲ್ಲಿ ಬಂಡೀಪುರದಲ್ಲಿ ಮಂಗಗಳು ಸತ್ತಾಗ, ಹೆಣಗಳನ್ನು ಎತ್ತಿ ಸುಟ್ಟವರಿಗೇ ಕಾಯಿಲೆ ಬಂತು. ಅದಾದ ಮೇಲೆ ನೀಲಗಿರಿ, ವಯನಾಡು, 2015ರಲ್ಲಿ ಗೋವಾ, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗ ಅಂತ ಒಂದೊಂದೇ ಹೆಸರು ಸೇರುತ್ತಾ ಹೋದವು. ಗೋವಾದಲ್ಲಿ ಸಿಕ್ಕಿಬಿದ್ದವರಲ್ಲಿ ಗೋಡಂಬಿ ತೋಟದ ಕೂಲಿಯವರು ಇದ್ದರು. ಕಾಯಿಲೆ ಘಟ್ಟದ ಉದ್ದಕ್ಕೂ ಹರಡುತ್ತಿದೆಯಾ, ಅಥವಾ ಹಿಂದೆ ಯಾರೂ ನೋಡದ ಕಡೆ ಈಗ ನೋಡುತ್ತಿದ್ದೇವಾ? ಎರಡೂ ಇದೆ ಅನ್ನುವುದು ನನ್ನ ಅನಿಸಿಕೆ. ಟೆಸ್ಟ್ ಮಾಡುವ ಸೌಲಭ್ಯ ಬಂದ ಕಡೆಯೆಲ್ಲ ಹೆಸರಿಲ್ಲದ ಜ್ವರಗಳಿಗೆ ಹೆಸರು ಸಿಕ್ಕಿತು. ಕಾಡು ಕಡಿದು ತೋಟ ಮಾಡುವ ಜಾಗಗಳಲ್ಲಿ ಜನ, ದನ, ಮಂಗ, ಉಣುಗು ಎಲ್ಲ ಒಂದೇ ಕಡೆ ಸೇರಿದ್ದೂ ನಿಜ. 1983ರಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಸಾವಿರಕ್ಕೂ ಹೆಚ್ಚು ಜನರಿಗೆ ಬಂದಿದ್ದು ಗೋಡಂಬಿ ನೆಡಲು ಕಾಡು ಕಡಿದಾಗಲೇ. ನಿಮ್ಮ ತಾಲೂಕಿನ ಅರಳಗೋಡು ಭಾಗದಲ್ಲಿ 2018-19ರಲ್ಲಿ ಇದೇ ಕಾಯಿಲೆ ಹಬ್ಬಿದ್ದನ್ನು ನಿಮಗೆ ನಾನು ಹೇಳಬೇಕಾಗಿಲ್ಲ.

ಕೊನೆಗೆ ನಿಮ್ಮಪ್ಪನ ದರಗು. ಹೋಗಬೇಡಿ ಅಂದರೆ ಅವರು ಕೇಳುವುದಿಲ್ಲ, ನನಗೂ ಗೊತ್ತು. ಕೊಟ್ಟಿಗೆಗೆ ದರಗು ಬೇಕು, ತೋಟಕ್ಕೆ ಗೊಬ್ಬರ ಬೇಕು, ಎಲೆ ಉದುರುವುದೂ ಇದೇ ತಿಂಗಳುಗಳಲ್ಲಿ. ಹಾಗಾಗಿ ಮಾತಿನ ರೀತಿ ಬದಲಾಯಿಸಿ. ಮಂಗ ಬಿದ್ದ ಕಡೆಯ ದರಗು ಈ ವರ್ಷ ಬೇಡ, ಬೇರೆ ದಿಕ್ಕಿನದು ತರಲಿ. ಆ ಕಡೆ ದನವನ್ನೂ ಬಿಡಬೇಡಿ. ಕೊಟ್ಟಿಗೆಗೆ ಈ ಸಲ ಭತ್ತದ ಹುಲ್ಲು ಹಾಕಿ ಸುಧಾರಿಸಿಕೊಳ್ಳಲು ಆಗುತ್ತದಾ ನೋಡಿ. ಯಾಕೆಂದರೆ ದರಗಿನ ಹೊರೆ ಬರಿ ಎಲೆ ತರುವುದಿಲ್ಲ, ಉಣುಗನ್ನೂ ಮನೆ ಬಾಗಿಲಿಗೆ ತರುತ್ತದೆ. ಕಾಡಿಗೇ ಹೋಗದ ಮನೆ ಹೆಂಗಸರಿಗೆ, ಮಕ್ಕಳಿಗೆ ಕಾಯಿಲೆ ಬರುವ ದಾರಿ ಇದು.

ಹೋಗಲೇಬೇಕಾದರೆ ತುಂಬು ತೋಳಿನ ಅಂಗಿ, ಪ್ಯಾಂಟಿನ ತುದಿ ಸಾಕ್ಸಿನೊಳಗೆ, ಗಂಬೂಟ್. ಪಂಚೆ ಮೇಲೆ ಕಟ್ಟಿಕೊಂಡು ಹೋಗುವುದು ಬೇಡ. ನಿಮಗೆ ಕೊಟ್ಟ ಎಣ್ಣೆ ಡೇಪಾ, ಉಣುಗು ಹತ್ತದ ಹಾಗೆ ತಡೆಯಲು, ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದವರು ಕಂಡುಹಿಡಿದದ್ದು. ಹೊರಡುವ ಮೊದಲು ಕೈ, ಕಾಲು, ಕುತ್ತಿಗೆಗೆ ಹಚ್ಚಿಕೊಳ್ಳಲಿ, ಕಣ್ಣು ಬಾಯಿಗೆ ತಾಗಬಾರದು. ಬೆಳಿಗ್ಗೆ ಹಚ್ಚಿದ್ದು ಸಂಜೆ ತನಕ ಇರುವುದಿಲ್ಲ, ಬೆವರಿನಲ್ಲಿ ಹೋಗುತ್ತದೆ. ಅಟ್ಟದ ಮೇಲಿಟ್ಟ ಬಾಟಲಿಯಿಂದ ಯಾರಿಗೂ ಪ್ರಯೋಜನ ಇಲ್ಲ ಅಂತ ಮಾತ್ರ ಹೇಳಬಲ್ಲೆ. ಎಷ್ಟು ಮನೆಯಲ್ಲಿ ನೋಡಿದ್ದೇನೋ! ಬಂದ ಮೇಲೆ ಬಟ್ಟೆ ಹೊರಗೇ ಬಿಚ್ಚಿ ಬಿಸಿನೀರಿಗೆ ಹಾಕಿ. ಬಚ್ಚಲಲ್ಲಿ ಬಿಸಿನೀರು, ಸೋಪು. ಕಂಕುಳು, ತೊಡೆ ಸಂದಿ, ಮಂಡಿ ಹಿಂಭಾಗ, ಕಿವಿ ಹಿಂದೆ ಯಾರಾದರೂ ಬೆಳಕಿನಲ್ಲಿ ನೋಡಬೇಕು. ಉಣುಗು ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಉಗುರಿನಲ್ಲಿ ಕುಕ್ಕಿ ಒಡೆಯಬೇಡಿ, ಬೆಂಕಿಕಡ್ಡಿ ಸೀಮೆಎಣ್ಣೆ ಬೇಡ. ದನಗಳ ಉಣುಗಿಗೆ ಪಶು ಆಸ್ಪತ್ರೆಯಲ್ಲಿ ಔಷಧಿ ಕೇಳಿ.

ಇನ್ನೊಂದು ಕೆಲಸ ಇವತ್ತೇ ಮಾಡಿ. ಮಂಗ ಬಿದ್ದಿದ್ದು ಯಾವ ಮರದ ಬುಡದಲ್ಲಿ ಅಂತ ಅಪ್ಪನನ್ನು ಕೇಳಿ. ಅವರು ಹೋದ ಹದಿನೈದು ದಿನದಲ್ಲಿ ಆ ಕಡೆ ಹೋಗಿದ್ದರಾ, ಕೇರಿಯ ಬೇರೆ ಯಾರು ಯಾರು ಹೋಗಿದ್ದರು, ಹೆಸರು ಬರೆದಿಟ್ಟುಕೊಳ್ಳಿ. ನಾಳೆ ಆಶಾ ಅಕ್ಕ ಬಂದು ಜ್ವರ ಇದೆಯಾ ಅಂತ ಕೇಳಿದಾಗ ಆ ಚೀಟಿಯನ್ನೇ ಕೈಗೆ ಕೊಡಿ.